ಗುಮ್ಮಟ ಬಂದ ದಿನ

ಇವತ್ತು ತಾರಸಿಯ ಸೆಂಟ್ರಿಂಗ್ ಬಿಚ್ಚುತ್ತಾರೆ ಎಂಬುದು ಪೂರ್ತಿ ಎಚ್ಚರವಾಗುವ ಮುಂಚೆಯೇ ವಿಜ್ದಾನಳ ಮೈಗೆ ಗೊತ್ತಾಗಿತ್ತು. ಹಾಸಿಗೆಯಲ್ಲೇ ಮಗುವಿನಂತೆ ಕಾಲು ಬಡಿದಳು. ಎರಡು ದೇಶಗಳಲ್ಲಿ ಎತ್ತರೆತ್ತರದ ಕಟ್ಟಡ ಕಟ್ಟಿಸಿ ಬಂದ, ಕೂದಲು ನರೆಯುತ್ತಿರುವ ಹೆಂಗಸು ಹೀಗೆ ಹಾಸಿಗೆಯಲ್ಲಿ ಕಾಲು ಬಡಿಯುವುದು ನಗೆಪಾಟಲು ಎಂದುಕೊಂಡಳು. ಎಂದುಕೊಂಡು ಇನ್ನೊಮ್ಮೆ ಬಡಿದಳು. ಇಷ್ಟು ವಾರ ಅಮ್ಮಾನಿನ ಜಬಲ್ ನದೀಫ್ ಬೆಟ್ಟದ ಮೇಲೆ ಅವಳು ಕಟ್ಟಿಸುತ್ತಿದ್ದ ಮಸೀದಿ ಹಲಗೆ ಮತ್ತು ಜಾಕಿಗಳ ಕಾಡಾಗಿತ್ತು. ಒಳಗೆ ಹೋದರೆ ಬೆನ್ನು ಬಗ್ಗಿಸಬೇಕು, ತಲೆಗೆ ಕಬ್ಬಿಣ ತಗಲುತ್ತದೆ, ಹಸಿ ಸಿಮೆಂಟಿನ ವಾಸನೆ ಮೂಗು ತುಂಬುತ್ತದೆ, ಅಷ್ಟೆ. ತಾನು ಕಾಗದದ ಮೇಲೆ ಎಳೆದ ಗೆರೆ ಮನುಷ್ಯರು ನಿಲ್ಲಬಹುದಾದ ಒಂದು ಜಾಗವಾಯಿತೋ, ಇಲ್ಲ ಬರೀ ಕಾಂಕ್ರೀಟಿನ ಮುದ್ದೆಯಾಯಿತೋ ಇನ್ನೂ ಯಾರಿಗೂ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಇಷ್ಟು ರುಚಿಯಾಗಿರುತ್ತದೆಂದು ಈ ಕಸುಬಿಗೆ ಬಂದು ಇಷ್ಟು ವರ್ಷವಾದ ಮೇಲೆ ಅವಳಿಗೆ ಮರೆತೇಹೋಗಿತ್ತು.

ಅಡುಗೆಮನೆಯಲ್ಲಿ ಅಮ್ಮ ಚಹಾಕ್ಕೆ ಮರಮಿಯ್ಯ ಎಲೆ ಹಾಕಿ ಕುದಿಸುತ್ತಿದ್ದಳು. ಮಗಳ ಮುಖ ನೋಡಿದವಳೇ, “ಮದುವೆ ದಿನ ನಾನೇ ಎಬ್ಬಿಸಬೇಕಾಯ್ತು ನಿನ್ನ. ಗಾರೆ ಕೆಲಸ ಅಂದ್ರೆ ಮಾತ್ರ ಕೋಳಿಗಿಂತ ಮುಂಚೆ ಏಳ್ತೀಯ,” ಎಂದಳು. ಆ ಮದುವೆ ಉಳಿಯದೆ ಎಷ್ಟೋ ವರ್ಷವಾಗಿದ್ದರಿಂದ ಈಗ ಅದರಲ್ಲಿ ನೋವಿರಲಿಲ್ಲ, ಇಬ್ಬರೂ ನಕ್ಕರು. ಝಾತರ್ ಪುಡಿ ಹಚ್ಚಿದ ರೊಟ್ಟಿಯನ್ನು ನಿಂತೇ ತಿನ್ನುತ್ತಿರುವಾಗ ಫೋನು ಬಂತು. ಮಸೀದಿಯ ಖರ್ಚು ಹೊತ್ತಿದ್ದ ಹಾಜಿ ಅಬೂ ರಜಾಯಿ. ಕಾರ್ಖಾನೆಯವರು ಹೇಳಿದ್ದಕ್ಕಿಂತ ಬೇಗ ಮುಗಿಸಿದ್ದಾರಂತೆ, ಗುಮ್ಮಟ ಇವತ್ತೇ ಲಾರಿಯಲ್ಲಿ ಹೊರಟಿದೆಯಂತೆ. ಮುದುಕರ ದನಿಯಲ್ಲೂ ಏನೋ ಕುಣಿಯುತ್ತಿತ್ತು. ವಿಜ್ದಾನ್ “ಆಗಲಿ ಹಾಜಿ, ಒಳ್ಳೇದು” ಎಂದಳು. ಫೋನು ಕೆಳಗಿಟ್ಟ ಮೇಲೆ ಬಾಯೊಳಗಿನ ರೊಟ್ಟಿ ಒಣಗಿತು.

ಒಳ್ಳೇದು ಎಂದು ಯಾಕೆ ಅಂದೆ ಎಂದು ಕಾರು ಓಡಿಸುತ್ತ ಕೇಳಿಕೊಂಡಳು. ನಿಜವಾಗಿ ಹಾಗೆ ಒಪ್ಪಿಕೊಂಡದ್ದು ಇವತ್ತಲ್ಲ. ವಸಂತದಲ್ಲಿ, ಪೇಟೆಯಲ್ಲಿರುವ ಹಾಜಿಯ ಬಟ್ಟೆ ಅಂಗಡಿಯ ಅಟ್ಟದ ಮೇಲೆ, ಮಸೀದಿ ಕಮಿಟಿಯ ಗಂಡಸರು ಸುತ್ತ ಕೂತು ಕಾಫಿ ಕುಡಿಯುತ್ತ ಅವಳ ರಟ್ಟಿನ ಮಾದರಿಯನ್ನು ನೋಡುತ್ತಿದ್ದರು. ಬೆಟ್ಟದ ಇಳಿಜಾರಿನಂತೆಯೇ ಮೇಲಿನಿಂದ ಇಳಿಯುತ್ತ ಬಂದು, ಮೆಕ್ಕಾ ದಿಕ್ಕಿನ ಗೋಡೆಯನ್ನು ಮುಟ್ಟುವ ಮುಂಚೆ ನಿಂತುಬಿಡುವ ಒಂದೇ ಹಾಳೆಯ ತಾರಸಿ. ತಾರಸಿಗೂ ಗೋಡೆಗೂ ನಡುವೆ ಉದ್ದಕ್ಕೆ ಒಂದು ಸೀಳು. ಬೆಳಕು ಬರುವುದು ಅಲ್ಲಿಂದ, ಅಲ್ಲಿಂದ ಮಾತ್ರ. ಎಲ್ಲರೂ ಚೆನ್ನಾಗಿದೆ ಎಂದರು. ಆಮೇಲೆ ಹಾಜಿ ತಮ್ಮ ಅಂಗೈಯನ್ನು ಬಟ್ಟಲಿನಂತೆ ಬಾಗಿಸಿ ಮಾದರಿಯ ಮೇಲೆ, ಸರಿಯಾಗಿ ಆ ಸೀಳಿನ ಮೇಲೆ, ಕವಿಚಿಟ್ಟು, “ಮಗಳೇ, ಮೈ ಕೈ ಎಲ್ಲಾ ಇದೆ. ತಲೆ ಎಲ್ಲಿ?” ಎಂದರು. ಗಂಡಸರೆಲ್ಲ ನಕ್ಕರು. ಅವಳೂ ನಕ್ಕಳು, ಆ ನಗುವನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ, ನಕ್ಕು ಪೆನ್ಸಿಲು ತೆಗೆದು ನಕ್ಷೆಯ ಮೇಲೆ ಒಂದು ಅರ್ಧ ವೃತ್ತ ಎಳೆದಳು. ಹೀಗಾ ಹಾಜಿ? ಹೀಗೇ. ಬೆಳಕು ಮುಚ್ಚಿಹೋಗುತ್ತದೆ ಎಂದು ಹೇಳಲಿಲ್ಲ. ಹೇಳಿದರೆ ಕೆಲಸ ಕೈತಪ್ಪುತ್ತದೆಂಬ ಭಯ ಇತ್ತು, ನಿಜ. ಅದಕ್ಕಿಂತ ಹೆಚ್ಚಾಗಿ, ಅರ್ಧ ವೃತ್ತ ಎಳೆದು ಎದುರಿಗಿದ್ದವರನ್ನು ಸಂತೋಷಪಡಿಸುವುದು ಕೈಗೆ ಅಭ್ಯಾಸವಾಗಿಹೋಗಿತ್ತು. ಕೊಲ್ಲಿಯ ಊರುಗಳಲ್ಲಿ ಅವಳು ಮಾಡಿದ್ದೆಲ್ಲ ಅದೇ ತಾನೆ. ಎಲ್ಲಿ ಬೇಕಾದರೂ ಇರಬಹುದಾದ ಗಾಜಿನ ಗೋಪುರವನ್ನು ಪರದೇಶದವರು ಬರೆದು ಕೊಡುತ್ತಿದ್ದರು. ಅದರ ಮೇಲೆ ಎಂಟು ಮೂಲೆಯ ನಕ್ಷತ್ರದ ಜಾಲರಿ ಹಚ್ಚುವುದು ವಿಜ್ದಾನಳ ಕೆಲಸ. ನಿಮ್ಮ ಕಡೆಯ ಮಸಾಲೆ ಸ್ವಲ್ಪ ಉದುರಿಸು ಎಂದು ಅವಳ ಮೇಲಿನವನು ಬೆನ್ನು ತಟ್ಟುತ್ತಿದ್ದ. ಅವಳು ಉದುರಿಸುತ್ತಿದ್ದಳು. ಅರಬ್ ಎಂದರೆ ನಕ್ಷತ್ರ, ಅರಬ್ ಎಂದರೆ ಕಮಾನು, ಅರಬ್ ಎಂದರೆ ಕಂಪ್ಯೂಟರು ಕತ್ತರಿಸಿ ಕೊಟ್ಟ ಅಲ್ಯೂಮಿನಿಯಂ ತಗಡು. ಅದರ ನೆರಳು ಒಳಗೆ ಕೆಲಸ ಮಾಡುವವರ ಮುಖದ ಮೇಲೆ ಸಿಡುಬಿನ ಕಲೆಯಂತೆ ಬೀಳುತ್ತಿತ್ತು. ನಮ್ಮ ವಾಸ್ತುವಿನ ಗುರುತು ಯಾವುದು ಎಂದು ಒಮ್ಮೆ ಇದೇ ಅಮ್ಮಾನಿನಲ್ಲಿ ದೊಡ್ಡ ಸಭೆಗೆ ಅವಳು ಭಾಷಣ ಮಾಡಿದ್ದಳು. ಆತ್ಮ, ಪರಂಪರೆ, ಸ್ಮೃತಿ, ಏನೇನೋ ಪದಗಳು. ಮುಂದಿನ ಸಾಲಿನಲ್ಲಿ ಕೂತಿದ್ದ ಅಮ್ಮ ಮನೆಗೆ ಬಂದ ಮೇಲೆ ಕೇಳಿದ್ದು ಒಂದೇ: ನೀನು ತೋರಿಸಿದ ಅಷ್ಟು ಕಟ್ಟಡದ ಚಿತ್ರದಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲವಲ್ಲ, ಎಲ್ಲರೂ ಎಲ್ಲಿಗೆ ಹೋಗಿದ್ದರು?

ಬೆಟ್ಟದ ರಸ್ತೆ ತಿರುಗುತ್ತಿದ್ದಂತೆ ಮಸೀದಿ ಕಂಡಿತು. ಎದುರುಬದುರು ಬೆಟ್ಟಗಳ ತುಂಬ ಸುಣ್ಣದ ಬಣ್ಣದ ಕಲ್ಲು ಹೊದ್ದ ಮನೆಗಳು. ಈ ಬೆಟ್ಟದಲ್ಲಿ ಮಾತ್ರ ಮುಕ್ಕಾಲು ಪಾಲು ಬೂದು ಇಟ್ಟಿಗೆಯ ಗೂಡುಗಳು. ಅವುಗಳ ನಡುವೆ ಅವಳ ಬೂದು ತಾರಸಿ ಮಲಗಿದ ಕತ್ತೆಯ ಬೆನ್ನಿನಂತೆ ಏರಿತ್ತು. ಎದುರುಮನೆಯ ಉಮ್ ವಸೀಮ್ ದಿನದಂತೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ದಿನದಂತೆಯೇ ಕೇಳಿದಳು, “ಇಂಜಿನಿಯರಮ್ಮ, ಪಾಪದ್ದಕ್ಕೆ ಕಲ್ಲು ಯಾವಾಗ ಹಚ್ತೀರಿ? ಬರೀ ಮೈಯಲ್ಲಿ ನಿಂತಿದೆ.” ವಿಜ್ದಾನ್ ದಿನವೂ ಏನಾದರೊಂದು ಹಾರಿಕೆಯ ಉತ್ತರ ಕೊಡುತ್ತಿದ್ದಳು. ಇವತ್ತು ಮಾತ್ರ, ಕಲ್ಲು ಹಚ್ಚುವುದೇ ಇಲ್ಲ, ನಿಮ್ಮ ಮನೆಯೂ ಹಾಗೇ ತಾನೆ ನಿಂತಿರುವುದು ಎಂದುಬಿಟ್ಟಳು. ಉಮ್ ವಸೀಮ್ ಕ್ಲಿಪ್ಪನ್ನು ಬಾಯಲ್ಲಿ ಕಚ್ಚಿಕೊಂಡು, ತಿರುಗಿ ತನ್ನ ಗೋಡೆಯನ್ನೇ ಒಮ್ಮೆ ನೋಡಿಕೊಂಡಳು.

ಒಳಗೆ ಮೇಸ್ತ್ರಿ ಅಬೂ ಝುಹೈರನ ಆಳುಗಳು ಆಗಲೇ ಶುರು ಮಾಡಿದ್ದರು. ಜಾಕಿಗಳನ್ನು ನಡುವಿನಿಂದ ಅಂಚಿನ ಕಡೆಗೆ ಸಡಿಲಿಸುತ್ತ ಬರುವುದು, ಒಂದೊಂದು ಹಲಗೆಯನ್ನೂ ಮೀಟಿ ಕೆಡವುವುದು. ಹಲಗೆ ಬೀಳುವ ಸದ್ದು ಕಾಂಕ್ರೀಟಿಗೆ ಬಡಿದು ಎರಡು ಸಲ ಕೇಳುತ್ತಿತ್ತು. ಬಿಚ್ಚುತ್ತ ಹೋದಂತೆ ಆ ಎರಡನೆಯ ಸದ್ದು ದೊಡ್ಡದಾಗುತ್ತಿತ್ತು, ಜಾಗ ಬೆಳೆಯುತ್ತಿರುವುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯಿತು. ಅಬೂ ಝುಹೈರ್ ಅವಳನ್ನು ಬಾಗಿಲಾಚೆ ನಿಲ್ಲಿಸಿದ. ಹಲಗೆ ಬೀಳುವಾಗ ಯಾರು ಎಷ್ಟು ಓದಿದ್ದಾರೆ ಅಂತ ನೋಡುವುದಿಲ್ಲ ಎಂದ. ಅವಳು ನಿಂತಲ್ಲೇ ಕಾಲು ಬದಲಿಸುತ್ತ, ಉಗುರು ಕಚ್ಚುತ್ತ, ಹೆಲ್ಮೆಟ್ಟನ್ನು ತೆಗೆದು ಹಾಕಿ ಮಾಡುತ್ತ ಕಾದಳು. ಬಿಸಿಲು ಏರಿದ ಮೇಲೆ ಗೋಡೆಯ ಕಡೆಯ ಕೊನೆಯ ಹಲಗೆಗಳನ್ನು ಮೀಟಿದರು. ಮೊದಲು ಧೂಳು ಬಂತು. ಧೂಳಿನ ಹಿಂದೆ ಬೆಳಕು ಬಂತು. ನೇರ ಬಿಸಿಲಲ್ಲ, ಬಿಸಿಲು ತಾರಸಿಯ ಓರೆ ಅಂಚಿಗೆ ಬಡಿದು, ಅಲ್ಲಿ ತನ್ನ ಚುರುಕನ್ನು ಬಿಟ್ಟು, ಮೆತ್ತಗಾಗಿ ಗೋಡೆಗೆ ಇಳಿಯುತ್ತಿತ್ತು. ಹಲಗೆಯ ಗಂಟುಗಳು, ಮೊಳೆಯ ತಲೆಗಳು, ಮರದ ನರಗಳು ಕಾಂಕ್ರೀಟಿನ ಮೇಲೆ ಅಚ್ಚಾಗಿ ಉಳಿದಿದ್ದವು. ಇಳಿಯುವ ಬೆಳಕು ಅವುಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತಿತ್ತು. ಅಬೂ ಝುಹೈರ್ ಏನೋ ಹೇಳುತ್ತಿದ್ದ, ಅವಳಿಗೆ ಕೇಳಲಿಲ್ಲ. ಓಡಿದಳು. ಇಳಿಜಾರಿನಲ್ಲಿ ಮೇಲಿನ ರಸ್ತೆಗೆ ಸಮನಾಗಿ ಹೆಂಗಸರಿಗೆಂದು ಬಿಟ್ಟಿದ್ದ ಜಗಲಿಯ ಮೇಲೆ ಹೋಗಿ ನಿಂತಳು. ಅಲ್ಲಿಂದ ಮೊಣಕಾಲೆತ್ತರದ ಕಟ್ಟೆಯಾಚೆ, ಕೆಳಗೆ ಗಂಡಸರು ನಿಲ್ಲುವ ಹಜಾರವನ್ನು ದಾಟಿ, ಇಡೀ ಗೋಡೆ ಕಾಣುತ್ತಿತ್ತು.

ಹುಡುಗಿಯಾಗಿದ್ದಾಗ ರಂಜಾನಿನಲ್ಲಿ ಅಮ್ಮನ ಜೊತೆ ನೆಲಮಾಳಿಗೆಯಲ್ಲಿ ನಮಾಜಿಗೆ ನಿಂತಿದ್ದಳು. ಯಾವ ಮಸೀದಿ ಎಂಬುದು ಮರೆತಿದೆ. ಗೋಡೆಗೆ ನೇತುಹಾಕಿದ ಸ್ಪೀಕರ್ ಪೆಟ್ಟಿಗೆ, ಏಸಿಯ ಗೊರಗೊರ ಮರೆತಿಲ್ಲ. ಕರೆಂಟು ಹೋಯಿತು. ಮೇಲೆ ಗಂಡಸರು ಬಾಗಿದ್ದಾರೋ ನಿಂತಿದ್ದಾರೋ ತಿಳಿಯದೆ ಕತ್ತಲಲ್ಲಿ ಕೆಲವು ಹೆಂಗಸರು ಬಾಗಿದರು, ಕೆಲವರು ನಿಂತೇ ಇದ್ದರು, ಯಾರೋ ಹಣೆ ಇಟ್ಟವಳ ಮೇಲೆ ಎಡವಿದರು; ಮೊದಲು ಒಬ್ಬಳು ನಕ್ಕಳು, ಆಮೇಲೆ ಎಲ್ಲರೂ, ಅಮ್ಮನೂ. ಮಾರನೆಯ ದಿನ ಹೆಂಗಸರು ಮಸೀದಿಯಲ್ಲಿ ನಗುತ್ತಾರೆ ಎಂದು ದೂರು ಬಂತು. ಎಲ್ಲಿ ನಿಂತಿದ್ದೀರಿ ಎಂದು ಮಾತ್ರ ಯಾರೂ ಕೇಳಲಿಲ್ಲ. ಈ ಗೋಡೆ ಅವತ್ತೇ ಹುಟ್ಟಿತೇನೋ ಎಂದು ಈಗ ಅನ್ನಿಸಿ ನಗು ಬಂತು. ಆಯಿತು, ಆಯಿತು ಎಂದು ತನಗೆ ತಾನೇ ಹೇಳಿಕೊಂಡಳು. ಹೊರಗೆ ಲಾರಿಯ ಹಾರ್ನು ಕೇಳಿಸಿದ್ದು ಆಗ.

ಮೇಲಿನ ರಸ್ತೆಯ ತಿರುವಿನಲ್ಲಿ, ಉಮ್ ವಸೀಮಳ ಬಾಲ್ಕನಿಗೂ ಎದುರಿನ ದರ್ಜಿ ಅಂಗಡಿಯ ಗೋಡೆಗೂ ನಡುವೆ ಗುಮ್ಮಟ ಸಿಕ್ಕಿಕೊಂಡಿತ್ತು. ಫೈಬರಿನದು, ಹಸಿರು, ಅಂಚಿಗೆ ಬಂಗಾರದ ಪಟ್ಟಿ, ಮೈತುಂಬ ಎಂಟು ಮೂಲೆಯ ನಕ್ಷತ್ರ. ಅವಳಿಗೆ ತನ್ನ ಹಳೆಯ ಕೆಲಸಗಳೆಲ್ಲ ಒಟ್ಟಾಗಿ ಲಾರಿ ಹತ್ತಿಕೊಂಡು ಹುಡುಕಿಕೊಂಡು ಬಂದಂತೆ ಕಂಡಿತು. ಲಾರಿ ಮುಂದೆ ಹೋಗದು; ಹಿಂದೆ ಸಿಲಿಂಡರ್ ಮಾರುವ ಗ್ಯಾಸಿನ ಗಾಡಿ ಗಿರಾಕಿಗಳನ್ನು ಕರೆಯುವ ಸಂಗೀತ ಬಾರಿಸುತ್ತ ನಿಂತಿತ್ತು, ಅದರ ಹಿಂದೆ ಸೀಟಿನ ಲೆಕ್ಕದಲ್ಲಿ ಜನ ಹತ್ತಿಸುವ ಬಿಳಿಯ ಸರ್ವೀಸ್ ಟ್ಯಾಕ್ಸಿಗಳ ಸಾಲು. ನೆರೆಯವರೆಲ್ಲ ಹೊರಬಂದು ತಲೆಗೊಂದು ಸಲಹೆ ಕೊಡುತ್ತಿದ್ದರು: ಬಾಲ್ಕನಿ ಒಡೆಯಿರಿ, ಗುಮ್ಮಟವನ್ನು ಮಗ್ಗುಲಾಗಿ ತಿರುಗಿಸಿ, ಟೈರಿನ ಗಾಳಿ ಬಿಡಿ. ತನ್ನ ಬಾಲ್ಕನಿಯನ್ನು ಮುಟ್ಟಿದರೆ ಒಗೆದ ನೀರು ಸುರಿಯುತ್ತೇನೆ ಎಂದು ಉಮ್ ವಸೀಮ್ ಮೇಲಿನಿಂದ ಹೇಳುತ್ತಿದ್ದಳು. ನಡುವೆ ಹಾಜಿ ಅಬೂ ರಜಾಯಿ, ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ಬೆವರು. ವಿಜ್ದಾನಳನ್ನು ನೋಡಿದರೂ ಅವರು ಮಾತಾಡಿದ್ದು ಅವಳ ಹಿಂದೆ ಬಂದ ಅಬೂ ಝುಹೈರನ ಜೊತೆ: ಕ್ರೇನು ತರಿಸೋಣವೇ, ಎಷ್ಟು ಹೊತ್ತಿಗೆ ಕೂರಿಸಬಹುದು, ಆ ಸೀಳಿಗೆ ಅಡ್ಡ ತೊಲೆ ಇವತ್ತೇ ಹಾಕಬಹುದೇ. ಅಬೂ ಝುಹೈರ್ ಅವಳ ಕಡೆ ನೋಡಿದ. ಹಾಜಿ ನೋಡಲಿಲ್ಲ. ಬೇರೆ ದಿನವಾಗಿದ್ದರೆ ಅವಳು ಆ ಅವಮಾನವನ್ನು ನುಂಗಿ, ಸಂಜೆ ಅಮ್ಮನ ಮುಂದೆ ಹೇಳಿ ನಕ್ಕು ಮುಗಿಸುತ್ತಿದ್ದಳು. ಇವತ್ತು ಕಣ್ಣಲ್ಲಿ ಆ ಬೆಳಕು ಇನ್ನೂ ಆರಿರಲಿಲ್ಲ.

“ಗುಮ್ಮಟ ಬೇಡ ಹಾಜಿ,” ಎಂದಳು. ತನ್ನ ದನಿ ಇಷ್ಟು ಸಲೀಸಾಗಿ ಹೊರಟದ್ದು ಅವಳಿಗೇ ಆಶ್ಚರ್ಯ.

ಹಾಜಿ ತಿರುಗಿದರು. “ಬೇಡ ಅಂದ್ರೆ? ನೀನೇ ಬರೆದುಕೊಟ್ಯಲ್ಲ ಮಗಳೇ.”

“ಬರೆದೆ. ನಿಮ್ಮೆಲ್ಲರ ಮುಂದೆ ಧೈರ್ಯ ಸಾಲಲಿಲ್ಲ. ಅದನ್ನ ಕೂರಿಸಿದ್ರೆ ಒಳಗೆ ಕತ್ತಲಾಗುತ್ತೆ.”

“ಕತ್ತಲಾದ್ರೆ ದೀಪ ಹಾಕೋಣ. ಅಮ್ಮಾನಿಗೆ ಇನ್ನೂ ಕರೆಂಟು ಬಂದಿಲ್ವಾ?”

ಸುತ್ತ ನಿಂತವರು ನಕ್ಕರು. ಅದೇ ಅಟ್ಟದ ಮೇಲಿನ ನಗು. ಅವಳು ಮಾತ್ರ ಈ ಸಲ ನಗಲಿಲ್ಲ, ಅಷ್ಟೆ ವ್ಯತ್ಯಾಸ. ಹಾಜಿಯ ದನಿ ಏರಿತು. ಗುಮ್ಮಟ ಇಲ್ಲದೆ ಇದು ಮಸೀದಿ ಎಂದು ಯಾರಿಗೆ ಗೊತ್ತಾಗಬೇಕು, ಕೆಳಗಿನ ರಸ್ತೆಯಿಂದ ನೋಡಿದರೆ ಗೋದಾಮು, ನಾವು ಮುಸಲ್ಮಾನರು ಅರಬರು ಎಂಬುದಕ್ಕೆ ಈ ಗೋಡೆಯಲ್ಲಿ ಏನು ಗುರುತಿದೆ ಎಂದರು. ಆಮೇಲೆ ಇದ್ದಕ್ಕಿದ್ದಂತೆ ಮೆಲ್ಲಗೆ, ಅವಳಿಗಷ್ಟೇ ಕೇಳುವಂತೆ, “ಅವಳ ಹೆಸರಲ್ಲಿ ಗೋದಾಮು ಕಟ್ಟಿಸಿದ ಅಂತಾರೆ ನನ್ನ,” ಎಂದರು. ತೀರಿಹೋದ ಹೆಂಡತಿ ಉಮ್ ರಜಾಯಿಯ ಹೆಸರಲ್ಲೇ ಅವರು ಮಸೀದಿ ಕಟ್ಟಿಸುತ್ತಿದ್ದದ್ದು. ವಿಜ್ದಾನಳಿಗೆ ಅದು ಗೊತ್ತಿತ್ತು. ಆದರೆ ಲಾರಿಯ ಮೇಲಿನ ಆ ಹಸಿರು ಬುರುಡೆ ಒಬ್ಬ ಮುದುಕ ತನ್ನ ಹೆಂಡತಿಗೆ ಕೊಡಲು ತಂದ ಉಡುಗೊರೆ ಎಂಬುದು ಈಗ ಮೊದಲ ಸಲ ತಲೆಗೆ ಹೋಯಿತು. ಇಷ್ಟು ದಿನ ಆ ಹೆಂಗಸಿನ ಬಗ್ಗೆ ತಾನು ಒಂದು ಮಾತೂ ಕೇಳಿರಲಿಲ್ಲವಲ್ಲ ಎನ್ನಿಸಿ ನಾಚಿಕೆಯಾಯಿತು. ಕೇಳಿದಳು.

“ಹಳೇ ಮಸೀದೀಲಿ ಉಮ್ ರಜಾಯಿ ಎಲ್ಲಿ ನಮಾಜು ಮಾಡ್ತಿದ್ರು ಹಾಜಿ?”

“ಹೆಂಗಸರ ಕಡೆ. ಇನ್ನೆಲ್ಲಿ?”

“ಅದು ಹೇಗಿತ್ತು?”

ಹಾಜಿ, ತಾನು ಅಲ್ಲಿಗೆ ಯಾಕೆ ಹೋಗುತ್ತೇನೆ ಎಂದು ಗೊಣಗಿದರು. ಉತ್ತರ ಬಾಲ್ಕನಿಯಿಂದ ಬಂತು.

“ನಾನು ಹೇಳ್ತೀನಿ ಕೇಳಿ ಹಾಜಿ,” ಎಂದಳು ಉಮ್ ವಸೀಮ್, ಕಂಬಿಯ ಮೇಲೆ ಬಾಗಿ. “ಮೆಟ್ಟಿಲ ಕೆಳಗೆ, ಚಪ್ಪಲಿ ಗೂಡಿನ ಪಕ್ಕ. ಮಳೆಗಾಲದಲ್ಲಿ ಚಾಪೆ ಎಲ್ಲಾ ಒದ್ದೆ. ನಿಮ್ಮನೆಯವರಿಗೆ ಮಂಡಿ ನೋವು, ಕಂಬಕ್ಕೆ ಒರಗಿ ಕೂರೋರು. ಆ ಕಂಬ ಅಡ್ಡ ಇತ್ತು. ಇಮಾಮರು ಗಡ್ಡ ಬಿಟ್ಟಿದ್ದಾರಾ ಇಲ್ವಾ ಅಂತ ನನ್ನ ಕೇಳಿದ್ರು ಒಂದ್ಸಲ.”

ಯಾರೂ ನಗಲಿಲ್ಲ. ಗ್ಯಾಸಿನ ಗಾಡಿಯವನು ಕೂಡ ತನ್ನ ಸಂಗೀತ ನಿಲ್ಲಿಸಿದ. ವಿಜ್ದಾನ್ ಬನ್ನಿ ಎಂದು ಕೈ ತೋರಿಸಿ ಮೇಲಿನ ಬಾಗಿಲಿನ ಕಡೆ ನಡೆದಳು. ಹಿಂದೆ ಹೆಜ್ಜೆಯ ಸದ್ದು ಕೇಳದಿದ್ದರೆ ಏನು ಮಾಡಲಿ ಎಂದುಕೊಂಡಳು. ತಿರುಗಿ ನೋಡಲಿಲ್ಲ. ಬಾಗಿಲು ದಾಟುವಾಗ ಹಾಜಿಯ ಉಬ್ಬಸ ಬೆನ್ನ ಹಿಂದೆ ಕೇಳಿಸಿತು.

ಅವರು ಧೂಳಿಗೆ ಕರವಸ್ತ್ರ ಹಿಡಿದು ಜಗಲಿಯ ನಡುವೆ ನಿಂತರು. ಬೆಳಕು ಅಷ್ಟರಲ್ಲಿ ಜರುಗಿ ಗೋಡೆಯ ಬಲಭಾಗಕ್ಕೆ ಬಂದಿತ್ತು, ಬೂದು ಬಣ್ಣ ಹೋಗಿ ಗೋಡೆ ಹುರಿದ ಗೋದಿಯ ಬಣ್ಣಕ್ಕೆ ತಿರುಗಿತ್ತು. ವಿಜ್ದಾನಳಿಗೆ ವಿವರಿಸಬೇಕೆನ್ನಿಸಿತು. ಬೆಟ್ಟ, ಇಳಿಜಾರು, ಬೆಳಕು, ಪರಂಪರೆ, ಸಭೆಯ ಭಾಷಣದ ಪದಗಳೆಲ್ಲ ನಾಲಗೆಯ ತುದಿಗೆ ಬಂದು ಸಾಲುಗಟ್ಟಿದವು. ತುಟಿ ಬಿಗಿ ಹಿಡಿದಳು. ಹಾಜಿ ಕಟ್ಟೆಯ ಬಳಿ ಹೋದರು, ಕೆಳಗೆ ನೋಡಿದರು, ಎದುರು ನೋಡಿದರು, ಆಮೇಲೆ ಇಸ್ತ್ರಿ ಅಂಗಿಯನ್ನು ಲೆಕ್ಕಿಸದೆ ನೆಲದ ಮೇಲೆ ಕೂತರು. ಮಂಡಿ ನೋವಿದ್ದವರು ಕೂರುವಂತೆ, ಒಂದು ಕಾಲು ಚಾಚಿ.

“ಇಲ್ಲಿಂದ ಎಲ್ಲಾ ಕಾಣುತ್ತೆ,” ಎಂದರು. ಅದು ಪ್ರಶ್ನೆಯಾಗಿರಲಿಲ್ಲ.

“ಕಾಣುತ್ತೆ.”

“ಅವಳಿಗೆ ಮೆಟ್ಟಿಲು ಹತ್ತಕ್ಕೆ ಆಗ್ತಿರಲಿಲ್ಲ.”

“ಮೇಲಿನ ರಸ್ತೆಯಿಂದ ಮೆಟ್ಟಿಲಿಲ್ಲ ಹಾಜಿ. ಈಗ ಬಂದ್ವಲ್ಲ, ಒಂದೂ ಹತ್ತಲಿಲ್ಲ.”

ಹಾಜಿ ತಿರುಗಿ ಬಾಗಿಲನ್ನೂ ತಾವು ಬಂದ ದಾರಿಯನ್ನೂ ನೋಡಿದರು. ಅವರು ಅಳುತ್ತಾರೇನೋ ಎಂದು ಅವಳಿಗೆ ಭಯವಾಯಿತು. ಅಳಲಿಲ್ಲ, ಮೂಗು ಒರೆಸಿಕೊಂಡು ಕರವಸ್ತ್ರ ಮಡಚಿದರು. ಏಳಲು ಕೈ ಚಾಚಿದರು, ಅವಳು ಎಳೆದು ನಿಲ್ಲಿಸಿದಳು. ಹೊರಗೆ ಹೋಗುವ ಮುಂಚೆ ತಗ್ಗಿದ ದನಿಯಲ್ಲಿ ಹೇಳಿದರು: “ರಸ್ತೆ ಚಿಕ್ಕದಾಯ್ತು, ಗುಮ್ಮಟ ಒಳಗೆ ಬರಲಿಲ್ಲ. ಹಾಗಂತ ಎಲ್ಲರಿಗೂ ಹೇಳು. ನಾನು ಬೇಡ ಅಂದೆ ಅಂತ ಹೇಳಬೇಡ.”

“ರಸ್ತೆ ಚಿಕ್ಕದು ಹಾಜಿ.”

“ಮಿನಾರ್ ಮಾತ್ರ ನಾನು ಬಿಡಲ್ಲ. ಕೆಳಗಿಂದ ಕಾಣಬೇಕು. ಅವಳ ಮಸೀದಿ ಅಂತ ಗೊತ್ತಾಗಬೇಕು.”

ಅವಳು ಹೂಂ ಎಂದಳು. ಎಂದ ಕೂಡಲೇ ತನ್ನೊಳಗೆ ಕಿವಿಗೊಟ್ಟು ನೋಡಿದಳು, ಅಟ್ಟದ ಮೇಲೆ ಹೊರಟ ಹೂಂ ಇದೇನಾ ಎಂದು. ಅಲ್ಲ. ತಾರಸಿಯ ಕೆಳ ತುದಿಯಲ್ಲಿ, ಮೆಟ್ಟಿಲು ಬೀದಿಗೆ ಇಳಿಯುವ ಮೂಲೆಯಲ್ಲಿ ತೆಳ್ಳಗೆ ನೆಟ್ಟಗೆ ಒಂದು ಮಿನಾರ್ ಆಗಲೇ ಕಣ್ಣಿಗೆ ಕಟ್ಟುತ್ತಿತ್ತು. ಅದು ಇರಬೇಕಿತ್ತು, ಹಟಕ್ಕೆ ಬಿದ್ದು ತಾನೇ ಬಿಟ್ಟಿದ್ದಳು. ಗಂಡಸರ ನಗುವಿಗೆ ಹೆದರಿ ಗುಮ್ಮಟ ಎಳೆದ ಹಾಗೆಯೇ, ಹಳಬಳು ಅನ್ನಿಸಿಕೊಳ್ಳಲು ಹೆದರಿ ಮಿನಾರನ್ನು ಅಳಿಸಿದ್ದಳು. ಎರಡೂ ಒಂದೇ ಭಯ ಎಂದು ಗೊತ್ತಾದದ್ದೇ ಅವಳಿಗೆ ನಗು ತಡೆಯಲಾಗಲಿಲ್ಲ. ಹಾಜಿ ಯಾಕೆ ಎಂದು ನೋಡಿದರು. ಏನಿಲ್ಲ, ಮಿನಾರ್ ಚೆನ್ನಾಗಿರುತ್ತದೆ ಎಂದಳು.

ಲಾರಿಯನ್ನು ಹಿಂದಕ್ಕೆ ಬಿಡಲು ಮಧ್ಯಾಹ್ನವೆಲ್ಲ ಹಿಡಿಯಿತು. ಕಾರ್ಖಾನೆಯವರು ವಾಪಸು ತೆಗೆದುಕೊಳ್ಳಲು ಒಪ್ಪದ್ದರಿಂದ ಗುಮ್ಮಟವನ್ನು ಕೆಳಗಿನ ರಸ್ತೆ ಬದಿಯ ಖಾಲಿ ಜಾಗದಲ್ಲಿ ನಾಲ್ಕು ಕಲ್ಲುದಿಂಡುಗಳ ಮೇಲೆ ಇಳಿಸಿದರು, ಮುಂದೆ ನೋಡೋಣ ಎಂದು. ಇಳಿಸಿದ ಸ್ವಲ್ಪ ಹೊತ್ತಿಗೇ ಸರ್ವೀಸ್ ಟ್ಯಾಕ್ಸಿಗೆ ಕಾಯುವವರು ಬಗ್ಗಿ ಅದರ ಅಡಿಗೆ ಹೋಗಿ ನೆರಳಿಗೆ ಕೂತರಂತೆ. ರಸ್ತೆ ಚಿಕ್ಕದಾಯಿತಂತೆ ಎಂದು ಬೆಟ್ಟವೆಲ್ಲ ಹೇಳಿತು. ಯಾರು ನಂಬಿದರು, ಯಾರು ನಂಬಲಿಲ್ಲ, ಯಾರೂ ಎದುರಿಗೆ ಕೇಳಲಿಲ್ಲ.

ಸಂಜೆ ಮಗ್ರಿಬ್ ಹೊತ್ತಿಗೆ ಆಳುಗಳು ನೆಲ ಗುಡಿಸಿ ಪ್ಲಾಸ್ಟಿಕ್ ಚಾಪೆ ಹಾಸಿ, ಒಂದು ಸಲ ಇಲ್ಲೇ ನಮಾಜು ಮಾಡೋಣ ಎಂದರು. ಅಬೂ ಝುಹೈರ್ ಗೋಡೆಯ ಬಳಿ ನಿಂತು ಬಾಂಗು ಕೊಟ್ಟ. ಅವನ ಒಡಕು ದನಿಯನ್ನು ತಾರಸಿ ಎತ್ತಿಕೊಂಡು ಇಳಿಜಾರಿನುದ್ದಕ್ಕೂ ಒಯ್ದಿತು. ಕೆಳಗಿನ ಬಾಗಿಲಿನಿಂದ ಗಂಡಸರು ಬಂದರು, ಹಾಜಿ ಮುಂದಿನ ಸಾಲಿನ ತುದಿಯಲ್ಲಿ. ಹೆಂಗಸರಿಗೆ ಯಾರೂ ಹೇಳಿರಲಿಲ್ಲ. ಆದರೂ ಮೇಲಿನ ರಸ್ತೆಯಿಂದ ಒಬ್ಬಿಬ್ಬರಾಗಿ, ಅಡುಗೆಮನೆಯ ಚಪ್ಪಲಿಯಲ್ಲೇ, ಉಮ್ ವಸೀಮ್, ಅವಳ ಸೊಸೆ, ಹೆಸರು ತಿಳಿಯದ ಮುದುಕಿಯರು ಬರತೊಡಗಿದರು. ಬಾಗಿಲಲ್ಲಿ ಒಂದು ಕ್ಷಣ ತಡೆದು, ಇದು ನಮ್ಮ ಕಡೆಯೇನಾ ಎಂದು ಒಬ್ಬರನ್ನೊಬ್ಬರು ನೋಡಿ, ಆಮೇಲೆ ಒಳಗೆ ಕಾಲಿಟ್ಟರು. ಸೀಳಿನಲ್ಲಿ ಆಕಾಶ ಇನ್ನೂ ತುಸು ಕೆಂಪಗಿತ್ತು. ವಿಜ್ದಾನ್ ಜಗಲಿಯ ನಡುವೆ ಬೂಟು ಹಾಕಿಕೊಂಡೇ ನಿಂತಿದ್ದಳು. ವರ್ಷಗಳಿಂದ ಅವಳು ನಮಾಜು ಬಿಟ್ಟಿದ್ದಳು; ನೋಡಲು ಮಾತ್ರ ನಿಂತಿದ್ದೇನೆ ಎಂದು ಯಾರಾದರೂ ಕೇಳಿದರೆ ಹೇಳುವುದೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು. ಅವಳ ಪರಿಚಯವಿಲ್ಲದ ಒಬ್ಬ ಮುದುಕಿ ಪಕ್ಕಕ್ಕೆ ಬಂದು ತಾರಸಿ ನೋಡಿದಳು, ಗೋಡೆ ನೋಡಿದಳು.

“ಯಾವ ಗಂಡಸು ಕಟ್ಟಿದ್ನೋ, ಹೆಂಡ್ತಿ ಹತ್ರ ಬೈಸಿಕೊಂಡೋನೇ ಇರಬೇಕು,” ಎಂದಳು. ಆಮೇಲೆ ಮೊಣಕೈಯಿಂದ ವಿಜ್ದಾನಳನ್ನು ಮೆಲ್ಲಗೆ ತಿವಿದಳು. “ಬೂಟು ತೆಗೆಯಮ್ಮ. ಆ ಕಡೆ ಸರಿ ಸ್ವಲ್ಪ, ಜನ ಬರ್ತಿದ್ದಾರೆ.”

ವಿಜ್ದಾನ್ ಬಗ್ಗಿ ಬೂಟಿನ ದಾರ ಬಿಚ್ಚಿದಳು. ಬಿಚ್ಚಿ, ಬರಿಗಾಲಿನಲ್ಲಿ, ಸರಿದಳು.